ಸಾಲದಾಟಿ ತೋಟದ ಅಂಚೆಚೀಟಿ

ಏಪ್ರಿಲ್ 14, 2025, ಸೋಮವಾರ

ಇವತ್ತು ಬೆಳಿಗ್ಗೆ ತೋಟದ ಯಜಮಾನರು ಗುರುದಾಸ ಬಾಬ ಅವರು ಗೇಟಿಗೆ ಬೀಗ ಹಾಕಿಸಿದರು. ಬಾಳೆಗೊನೆ ಕದಿಯುವವರು ಹೆಚ್ಚಾಗಿದ್ದಾರಂತೆ. ಕೀಲಿ ಅವರ ಮನೆಯಲ್ಲಿ ಇರುತ್ತದೆ. ನಾವು ಹೊರಗೆ ಹೋಗುವುದಿದ್ದರೆ ಏಳರಿಂದ ಎಂಟು ಗಂಟೆಯೊಳಗೆ ಬಂದು ಕೇಳಬೇಕು ಎಂದರು. ಕೇಳಿದರೆ ಕೊಡದೆ ಇರುತ್ತಾರೆಯೇ? ದೊಡ್ಡ ಮನುಷ್ಯರು. ಹದಿನೈದು ವರ್ಷದಿಂದ ಅವರ ಖೋಲಿಯಲ್ಲಿ ಇದ್ದೇವೆ, ಒಂದು ದಿನವೂ ಬಾಡಿಗೆ ಕೇಳಿದವರಲ್ಲ.

ಈ ಡೈರಿ ಮುಮ್ತಾಜ ಕೊಟ್ಟದ್ದು. ಅವಳು ಕುಡಚಡೆ ರೈಲು ಸ್ಟೇಷನ್ನಿನ ಎದುರು ಬಾಳೆಹಣ್ಣು ಮಾರುತ್ತಾಳೆ. ವಾರಕ್ಕೆ ಎರಡು ಸಲ ನಮ್ಮ ತೋಟದಿಂದಲೇ ಗೊನೆ ಒಯ್ಯುತ್ತಾಳೆ. "ಹತ್ತನೇತ್ತಾ ಪಾಸಾದಾಕಿ ನೀ. ಬಾಯಿ ಬಿಟ್ಟಂತೂ ಯಾರಿಗೂ ಏನೂ ಹೇಳೂದಿಲ್ಲ, ಬರದರ ಇಡು," ಅಂದಳು. ನನಗೆ ನಗು ಬಂತು. ಗೋವೆಗೆ ಬಂದು, ಕನ್ನಡ ಬರೆಯದೆ ಎಷ್ಟು ವರ್ಷವಾಯಿತೋ. ಬಾಬ ಅವರ ಹತ್ತಿರ ಕೊಂಕಣಿ, ಪೇಟೆಯಲ್ಲಿ ಹಿಂದಿ. ಕನ್ನಡ ಆಡುವುದು ಮುಮ್ತಾಜಳ ಹತ್ತಿರ, ನಮ್ಮವರ ಹತ್ತಿರ. ನಮ್ಮವರೋ, ಸೊಂಟ ಹೋದ ಮೇಲೆ ಮಾತೇ ಕಡಿಮೆ ಮಾಡಿದ್ದಾರೆ.

ಏಪ್ರಿಲ್ 23, ಬುಧವಾರ

ಬಾಬ ಅವರ ತಮ್ಮ ಸುಹಾಸ ಮ್ಹಾಪಸಾದಿಂದ ಬಂದಿದ್ದರು. ಅಣ್ಣತಮ್ಮಂದಿರು ಇಬ್ಬರೂ ಖೋಲಿಯ ಬಾಗಿಲವರೆಗೆ ಬಂದರು. ಹಾಗೆ ಬರುವವರಲ್ಲ. ನಾನು ಆಗಷ್ಟೇ ಗೊನೆ ಕಡಿದು ಬಂದಿದ್ದೆ.

ಸುಹಾಸ ಬಾಬ ಒಂದು ಕಾಗದ ಮುಂದೆ ಹಿಡಿದು, "ಇಬ್ಬರೂ ಸಹಿ ಮಾಡಿ. ಏನಿಲ್ಲ, ನೀವು ಇಲ್ಲಿ ಕೆಲಸಕ್ಕಿದ್ದೀರಿ ಅಂತ, ಅಷ್ಟೇ," ಎಂದರು.

ಮರಾಠಿಯಲ್ಲಿತ್ತು. ಅವರ ಮನೆಯಲ್ಲಿ ಪೇಪರು ಮಡಚಿಡುವಾಗ ನೋಡಿ ನೋಡಿ ಆ ಅಕ್ಷರ ನನಗೆ ಒಂದಿಷ್ಟು ಗೊತ್ತು. ನಿಧಾನಕ್ಕೆ ಕೂಡಿಸಿ ಓದಿದೆ. 'ಕಳೆದ ವರ್ಷ ಕೂಲಿಗೆ ಬಂದವರು, ಕೇಳಿದಾಗ ಜಾಗ ಬಿಡುತ್ತೇವೆ' ಎಂದಿತ್ತು.

ನಮ್ಮವರು ಆಗಲೇ ಪೆನ್ನಿಗೆ ಕೈ ಚಾಚಿದ್ದರು. ನನಗೆ ಏನು ತೋಚಿತೋ, "ಕೈ ತುಂಬ ಬಾಳೆ ಸೊನೆ ಇದೆ ಬಾಬ, ಕಾಗದ ಕಪ್ಪಾಗುತ್ತದೆ. ಇನ್ನೊಂದು ದಿನ ಮಾಡುತ್ತೇವೆ," ಎಂದೆ. ಗುರುದಾಸ ಬಾಬ ಅವರು ತಮ್ಮನ ತೋಳು ಹಿಡಿದು, "ಅವಸರವೇನಿಲ್ಲ," ಎಂದರು. ಅವರು ಒಳ್ಳೆಯವರು. ಅವರಿಗೆ ಹೇಳಿಕೊಟ್ಟವರು ಯಾರೋ ಇದ್ದಾರೆ.

ಮೇ 7, ಬುಧವಾರ

ಸಡಾದಲ್ಲಿ ಮುಮ್ತಾಜಳ ತಂಗಿಯ ಮಗಳು ಕೈನಾತಳ ಮದುವೆ ಇವತ್ತು. ಎಂಟು ದಿನದಿಂದ ಸೀರೆ ತೆಗೆದಿಟ್ಟಿದ್ದೆ. ಏಳೂಕಾಲಿಗೆ ಹೋದರೆ ಬಾಬ ಅವರು ವಾಕಿಂಗಿಗೆ ಹೋಗಿದ್ದರು. ಒಂಬತ್ತಕ್ಕೆ ಬಂದರು. "ಎಂಟರೊಳಗೆ ಬಾ ಎಂದಿದ್ದೆನಲ್ಲ?" ಎಂದರು. ಬಂದಿದ್ದೆ ಎಂದು ಹೇಳಬಹುದಿತ್ತು. ಹೇಳಲಿಲ್ಲ.

ಹಿಂದೆ ಹೊಳೆ, ಎರಡು ಬದಿಗೆ ಕೆಂಪುಕಲ್ಲಿನ ಗೋಡೆ, ಮುಂದೆ ಗೇಟು. ಹದಿನೈದು ವರ್ಷದಲ್ಲಿ ಇದನ್ನು ಹೀಗೆ ಎಣಿಸಿರಲಿಲ್ಲ. ಸೀರೆ ಮಡಚಿ ಟ್ರಂಕಿಗೆ ಹಾಕಿ, ಹೊಳೆಯ ಕಡೆಯ ಸಾಲಿನಲ್ಲಿ ಒಣ ಎಲೆ ಸವರುತ್ತ ಕೂತೆ.

ಮೇ 22, ಗುರುವಾರ

ಮೂರು ದಿನದಿಂದ ಗಾಳಿ ಮಳೆ. ಮಳೆಗಾಲಕ್ಕೆ ಇನ್ನೂ ದಿನವಿತ್ತು. ಗೊನೆ ಹೊತ್ತ ಗಿಡಗಳು ಒಂದೊಂದಾಗಿ ಮಲಗಿದವು, ಅರವತ್ತಕ್ಕೂ ಹೆಚ್ಚು. ಬಿದಿರಿನ ಊರುಗೋಲು ಕೊಡಲು ನಾನೊಬ್ಬಳೇ. ನಮ್ಮವರು ಕೊಡೆ ಹಿಡಿದು ಪಕ್ಕದಲ್ಲಿ ನಿಂತು, "ಎಡಕ್ಕ, ಇನ್ನಷ್ಟ ಎಡಕ್ಕ," ಅನ್ನುತ್ತಿದ್ದರು. ಐದು ವರ್ಷದ ಹಿಂದೆ ಇದೇ ತೋಟದ ಕಾಲುವೆ ದಾಟುವಾಗ, ಹೆಗಲಲ್ಲಿ ಗೊನೆ ಇದ್ದಾಗಲೇ ಬಿದ್ದು ಅವರ ಸೊಂಟ ಹೋದದ್ದು. ಆಗ ಬಾಬ ಅವರೇ ಕಾರಿನಲ್ಲಿ ಮಡಗಾವಿಗೆ ಒಯ್ದು ತೋರಿಸಿದರು. ಅದನ್ನು ಮರೆಯಬಾರದು.

ಕರೆಂಟಿನ ತಂತಿ ಬಿದ್ದಿದೆ. ಅವರ ಮನೆಯಿಂದ ನಮ್ಮ ಖೋಲಿಗೆ ಬರುವ ತಂತಿ. ಯಾವಾಗ ಕಟ್ಟಿಸುತ್ತೀರಿ ಎಂದು ಕೇಳಿದ್ದಕ್ಕೆ, "ಇನ್ನು ಯಾಕೆ?" ಎಂದರು. ಆಮೇಲೆ ತಮ್ಮ ಮಾತು ತಮಗೇ ಕೇಳಿಸಿತೇನೋ, "ನೋಡೋಣ," ಎಂದು ಒಳಗೆ ಹೋದರು.

ಜೂನ್ 9, ಸೋಮವಾರ

ಬಾಬ ಅವರು ಮನೆಗೆ ಕರೆಸಿದ್ದರು. ಅಂಚೆಚೀಟಿಯ ಪುಸ್ತಕಗಳಿಗೆ ಬೂಸು ಹಿಡಿದಿದೆ, ಹಾಳೆ ಹಾಳೆ ಬಿಡಿಸಿ ಫ್ಯಾನಿನ ಗಾಳಿಗೆ ಇಡಬೇಕು, ಕೈ ಒದ್ದೆ ಇರಬಾರದು ಎಂದರು. ಅವರ ತಂದೆ ಈ ತೋಟ ಹಾಕಿದವರು. ಆ ನೆನಪಿಗೆ ಇವರು ಬಾಳೆಯ ಚಿತ್ರವಿರುವ ಚೀಟಿಗಳನ್ನೇ ಕೂಡಿಸಿದ್ದಾರೆ. ಬಾಳೆ ಬೆಳೆಯುವ ಅಷ್ಟು ದೇಶಗಳು ಇವೆಯೆಂದು ನನಗೆ ಗೊತ್ತೇ ಇರಲಿಲ್ಲ. ಟೊಂಗಾ ಎಂಬ ದ್ವೀಪದ ಚೀಟಿಯಂತೂ ಬಾಳೆಹಣ್ಣಿನ ಆಕಾರದಲ್ಲೇ ಕತ್ತರಿಸಿದ್ದು, ಬಾಗಿ, ಹಳದಿಯಾಗಿ.

ನೋಡುತ್ತ ನೋಡುತ್ತ ಕೆಲಸ ಮರೆತೆ. ಗೊನೆ ಹೊತ್ತ ಗಂಡಸರು, ಹಡಗಿಗೆ ಗೊನೆ ತುಂಬುವ ಹೆಂಗಸರು. ಗೊನೆಯ ಒಂದೊಂದು ಕಾಯಿಯನ್ನೂ ಬಿಡಿಸಿ ಬರೆದಿದ್ದಾರೆ. ಹೊತ್ತವರ ಮುಖ ಮಾತ್ರ ಒಂದು ಚುಕ್ಕೆ. ಎಲ್ಲರ ಬಟ್ಟೆಯೂ ಬೆಳ್ಳಗೆ. ಬಾಳೆ ಸೊನೆ ತಾಗಿ ಕಪ್ಪಾದ ಬಟ್ಟೆ ಒಂದು ಚೀಟಿಯಲ್ಲೂ ಇಲ್ಲ. ಒಂದರಲ್ಲಿ ಗಿಡದಲ್ಲಿ ತೂಗುವ ಗೊನೆಯ ಕಾಯಿಗಳೆಲ್ಲ ಕೆಳಗೆ ಮುಖ ಮಾಡಿದ್ದವು.

"ಇದು ತಪ್ಪು ಬಾಬ," ಎಂದೆ. "ಬಲಿತ ಕಾಯಿ ಮೇಲಕ್ಕೆ ನೋಡುತ್ತದೆ. ಇದನ್ನು ಬರೆದವನು ಗೊನೆ ಕಡಿದವನಲ್ಲ."

ಅವರು ಕನ್ನಡಕ ಏರಿಸಿ ನೋಡಿ ಜೋರಾಗಿ ನಕ್ಕರು. "ಇಪ್ಪತ್ತು ವರ್ಷದಿಂದ ಇಟ್ಟುಕೊಂಡಿದ್ದೇನೆ, ನನಗೆ ಕಾಣಲಿಲ್ಲ ನೋಡು." ಬಹಳ ದಿನದ ಮೇಲೆ ನಕ್ಕದ್ದು. ಆ ಖುಷಿಗೇ ಇರಬೇಕು, ಕೊನೆಯ ಪುಸ್ತಕ ತೆಗೆದು ಒಂದು ಲಕೋಟೆ ತೋರಿಸಿದರು. ನಾವು ಕೊಟ್ಟ ಫೋಟೋ ಹಾಕಿ ಅಂಚೆಯವರೇ ಚೀಟಿ ಅಚ್ಚು ಮಾಡಿಕೊಡುತ್ತಾರಂತೆ. ಕೃಷಿ ಮೇಳಕ್ಕೆಂದು ಒಂದು ಹಾಳೆ ಮಾಡಿಸಿ, ನೆಂಟರಿಗೆಲ್ಲ ಹಂಚಿದ್ದರಂತೆ. ಲಕೋಟೆಗೆ ಅಂಥದೊಂದು ಚೀಟಿ ಅಂಟಿಸಿತ್ತು, ಪಕ್ಕದಲ್ಲಿ ನಮ್ಮ ತೋಟದ ಬಾಳೆಯ ಜಾತಿಯ ಹೆಸರು, 'ಸಾಲದಾಟಿ, ಗೋವೆಯ ಬಾಳೆ' ಎಂದು ಅಚ್ಚಾಗಿತ್ತು.

"ಯಾರು ಹೇಳು," ಎಂದರು.

ನಾನು. ತಲೆಯ ಮೇಲೆ ಗೊನೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಹಿಂದೆ ಖೋಲಿಯ ಬಾಗಿಲು, ಜಗುಲಿ. ಜಗುಲಿಯ ತೊಲೆಗೆ ಕಟ್ಟಿದ ಹಸಿರು ಸೀರೆಯ ತೊಟ್ಟಿಲು.

ಇನ್ನು ಬರೆಯಲಾಗುವುದಿಲ್ಲ.

ಜೂನ್ 10, ಮಂಗಳವಾರ

ಆ ತೊಟ್ಟಿಲಲ್ಲಿ ನನ್ನ ಮಗಳಿದ್ದಾಳೆ. ಆಗ ಅವಳಿಗೆ ಮೂರು ತಿಂಗಳು. ಏಳು ತಿಂಗಳಿಗೆ ಜ್ವರ ಬಂದು ಹೋದಳು. ಹೊಳೆಯ ಕಡೆ, ಹಲಸಿನ ಮರದ ಬುಡದಲ್ಲಿ ನಮ್ಮವರೇ ಮಣ್ಣು ಮಾಡಿದರು. ಆಮೇಲೆ ಮಕ್ಕಳಾಗಲಿಲ್ಲ. ಅವಳದೊಂದು ಫೋಟೋ ಇಲ್ಲ. ಅಂಗಿ, ಟೊಪ್ಪಿಗೆಗಳನ್ನು ನಾನೇ ಹೊಳೆಗೆ ಬಿಟ್ಟೆ.

ಅಂಚೆಚೀಟಿಯಲ್ಲಿ ತೊಟ್ಟಿಲು ಒಂದು ಅಕ್ಕಿ ಕಾಳಿನಷ್ಟಿದೆ. ಆದರೆ ಕೆಳಗೆ ಜಗ್ಗಿದೆ. ಒಳಗೆ ಭಾರವಿದ್ದ ತೊಟ್ಟಿಲು ಅದು.

ಜೂನ್ 12, ಗುರುವಾರ

ಕೇಳಿದೆ. "ಬಾಬ, ಆ ಲಕೋಟೆ ನನಗೊಂದು ಕೊಡಿ. ಅದರಲ್ಲಿ ಮಗುವಿನ ತೊಟ್ಟಿಲಿದೆ," ಎಂದೆ. ಅವರು ಲಕೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅದೊಂದೇ ಉಳಿದಿದೆ ಎಂದರು. ಆಮೇಲೆ ಪ್ಲಾಸ್ಟಿಕ್ ಹೊದಿಕೆಯ ಸಮೇತ ನನ್ನ ಕೈಗೆ ಕೊಟ್ಟರು. "ಒದ್ದೆ ಮಾಡಬೇಡ," ಎಂದರು, ಅಷ್ಟೇ.

ಇಂಥವರ ಮೇಲೆ ಸಿಟ್ಟು ಮಾಡುವುದು ಹೇಗೆ?

ನಮ್ಮವರಿಗೆ ತೋರಿಸಿದೆ. ನೋಡಿ, ಗೋಡೆಯ ಕಡೆ ಹೊರಳಿ ಮಲಗಿದರು.

ಜೂನ್ 26, ಗುರುವಾರ

ಮುಮ್ತಾಜಳನ್ನೂ ಒಳಗೆ ಬಿಡುತ್ತಿಲ್ಲ. ಗೊನೆಗಳನ್ನು ಈಗ ಬಾಬ ಅವರ ಟೆಂಪೊದಲ್ಲಿ ಬೇರೆಯವರು ಒಯ್ಯುತ್ತಾರೆ. ಅವಳು ರಸ್ತೆಯ ಬದಿಯ ಗೋಡೆಯಾಚೆ ನಿಂತು ಕೂಗಿದಳು. ಗೋಡೆಯ ಕಲ್ಲೊಂದು ಬಿದ್ದ ಕಡೆ ಮುಖ ಕಾಣುತ್ತದೆ.

"ಎಷ್ಟ ದಿನಾ ಅಕ್ಕಾ, ಜೇಲಿನ್ಯಾಗ ಇದ್ದೋರನ್ನ ನೋಡಿಧಾಂಗ ನಿನ್ನ ನೋಡೂದು?"

ಅವಳಿಗೆ ತೋರಿಸಬೇಕೆಂದೇ ಲಕೋಟೆ ತಂದಿದ್ದೆ. ಆ ಸಂದಿಯಲ್ಲಿ ಕೊಟ್ಟೆ. ತೊಟ್ಟಿಲು ಕಂಡು ಅವಳ ಕಣ್ಣು ತುಂಬಿದವು. ಆಮೇಲೆ ಲಕೋಟೆಯನ್ನು ಕಣ್ಣಿನ ಹತ್ತಿರ ಹಿಡಿದುಕೊಂಡಳು.

"ಅಕ್ಕಾ, ಇದರ ಮ್ಯಾಲಿನ ಶಿಕ್ಕಾ ನೋಡಿಯೇನ? ಕುಡಚಡೆ ಪೋಸ್ಟಿಂದು. ಒಂಬತ್ತನೇ ಮಾರ್ಚ್, ಎರಡ ಸಾವಿರದ ಹನ್ನೆರಡು. ಹಿಂದ ನಿಮ್ಮ ಮನಿ ಕಾಣತೈತಿ. ಹೋದ ವರ್ಷ ಬಂದಾರಂತ ಅವ್ರು ಹೆಂಗ ಬರಸ್ಕೋತಾರ?"

"ಅವರು ಪ್ರೀತಿಲೆ ಕೊಟ್ಟದ್ದು ಐತಿ ಮುಮ್ತಾಜ."

"ಪ್ರೀತಿಲೆ ಗೇಟಿಗೆ ಕೀಲಿ ಹಾಕ್ಯಾರೇನ?"

ಸಡಾದಲ್ಲಿ ಅವಳ ಭಾವ ಮೈಬೂಬಸಾಬಗೂ ಹೀಗೇ ಆಗಿತ್ತಂತೆ. ಬಹಳ ವರ್ಷದಿಂದ ಇದ್ದವರನ್ನು ಹಾಗೆಲ್ಲ ಎಬ್ಬಿಸುವಂತಿಲ್ಲವಂತೆ. ಕೇಪೆಯ ಮಾಮ್ಲೇದಾರ, ಅಂದರೆ ತಹಶೀಲ್ದಾರ, ಕಚೇರಿಗೆ ಅರ್ಜಿ ಕೊಡು, ಬರೆಸುವವರನ್ನು ನಾನು ಹುಡುಕುತ್ತೇನೆ ಎಂದಳು. ಲಕೋಟೆಯ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡಳು. ನಾನು ಹೂಂ ಅನ್ನಲಿಲ್ಲ. ಉಪ್ಪು ತಿಂದ ಮನೆಯದು.

ಜುಲೈ 4, ಶುಕ್ರವಾರ

ನಮ್ಮವರು ಸಹಿ ಮಾಡಿದ್ದಾರೆ.

ನಾನು ಹೊಳೆಯ ಕಡೆ ಇದ್ದೆ. ಸುಹಾಸ ಬಂದು, ಆಗಸ್ಟ್ ಒಂದಕ್ಕೆ ಜೇಸಿಬಿ ಬರುತ್ತದೆ, ತೋಟ ಮಾರಿಯಾಗಿದೆ, ಸಹಿ ಮಾಡಿದರೆ ಹೋಗುವಾಗ ಗಾಡಿ ಮಾಡಿಕೊಡುತ್ತೇವೆ, ಇಲ್ಲದಿದ್ದರೆ ಅದೂ ಇಲ್ಲ ಎಂದನಂತೆ.

"ಯಾಕ ಮಾಡಿದ್ರಿ?" ಎಂದೆ.

"ಇನ್ನೇನ ಮಾಡ್ಲಿ ರೇಣು? ನನ್ನ ಕೈಲೆ ಒಂದ ಕೊಡ ನೀರು ಎತ್ತಾಕ ಆಗೂದಿಲ್ಲ. ದೊಡ್ಡವ್ರ ಜೋಡಿ ಹೆಂಗ ಗುದ್ದಾಡೂದು? ಊರಿಗೆ ಹೋಗೂಣು ನಡಿ."

"ಊರಾಗ ಏನೈತ್ರಿ?"

"ಇಲ್ಲಿ ಏನೈತಿ?"

ನಾನು ಹಲಸಿನ ಮರದ ಕಡೆ ನೋಡಿದೆ. ಅವರೂ ನೋಡಿದರು. ಆಮೇಲೆ ಇಬ್ಬರೂ ಊಟ ಮಾಡಲಿಲ್ಲ. ಈ ತೋಟದಿಂದ ಯಾವಾಗ ಬಿಡುಗಡೆಯೋ ಎಂದು ನಾನೇ ಎಷ್ಟು ಸಲ ಅಂದುಕೊಂಡಿಲ್ಲ. ಈಗ ಹೋಗು ಎಂದಾಗ ಕಾಲು ಏಳುತ್ತಿಲ್ಲ. ಇದ್ದರೂ ಉಸಿರುಗಟ್ಟುತ್ತದೆ, ಹೋದರೂ ಉಸಿರುಗಟ್ಟುತ್ತದೆ.

ಜುಲೈ 9, ಬುಧವಾರ

ಏಳಕ್ಕೆ ಹೋಗಿ ಕೀಲಿ ಕೇಳಿದೆ. ಎಲ್ಲಿಗೆ ಎಂದರು. ಕೇಪೆಗೆ ಎಂದೆ. ಯಾಕೆ ಎಂದರು. ಕೆಲಸವಿದೆ ಎಂದೆ. ಇವತ್ತು ಆಗುವುದಿಲ್ಲ ಎಂದರು.

ವಾಪಸು ಬಂದು, ಊರುಗೋಲಿಗೆಂದು ಕಡಿದಿಟ್ಟಿದ್ದ ಎರಡು ಬಿದಿರಿಗೆ ಅಡ್ಡ ಕೋಲು ಬಿಗಿದೆ. ಗೋಡೆಗೆ ಆನಿಸಿ ಹತ್ತಿದೆ. ನಮ್ಮವರು ಕೆಳಗೆ ಬಿದಿರನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. ಬೇಡ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಆಚೆ ಬದಿ ಮುಮ್ತಾಜ ಬರೆಸಿದ ಅರ್ಜಿ ಹಿಡಿದು ನಿಂತಿದ್ದಳು. ಇಳಿಯುವಾಗ ಮೊಣಕಾಲು ತರಚಿತು.

ಕಚೇರಿಯ ಗುಮಾಸ್ತ ಅರ್ಜಿ ಓದಿ, ಪುರಾವೆ ಏನಿದೆ ಎಂದ. ಲಕೋಟೆ ತೋರಿಸಿ, ಮೊಬೈಲಿನಲ್ಲಿ ತೆಗೆದ ಫೋಟೋ ಸಾಕೇ ಎಂದೆ. ಮೊಬೈಲಿನ ಫೋಟೋ ನಡೆಯುವುದಿಲ್ಲ, ಅಸಲನ್ನೇ ಫೈಲಿಗೆ ಹಾಕಬೇಕು, ಕೇಸು ಮುಗಿಯುವವರೆಗೆ ಇಲ್ಲೇ ಇರುತ್ತದೆ ಎಂದ. ಎಷ್ಟು ದಿನ ಎಂದು ಕೇಳಿದೆ. ಅವನು ಹಿಂದಿನ ಕಪಾಟು ತೋರಿಸಿದ. ಮೇಲಿಂದ ಕೆಳಗಿನವರೆಗೆ ಫೈಲುಗಳು.

ಎಷ್ಟೋ ಹೊತ್ತು ಲಕೋಟೆಯ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದೆ. ಹಿಂದಿನವರು ಗೊಣಗಿದರು. ಮುಮ್ತಾಜ ಬೆನ್ನ ಮೇಲೆ ಕೈ ಇಟ್ಟಳು.

ಕೊಟ್ಟೆ. ಅವನು ಫೈಲಿಗೆ ಚುಚ್ಚಲು ಟಾಚಣಿ ತೆಗೆದ. "ತೊಟ್ಟಿಲಿಗೆ ಚುಚ್ಚಬೇಡಿ," ಎಂದೆ. ಯಾವ ತೊಟ್ಟಿಲು ಎಂದು ಅವನು ಹುಡುಕಿದ. ಬೆರಳಿಟ್ಟು ತೋರಿಸಿದೆ. ಟಾಚಣಿಯನ್ನು ಮೂಲೆಗೆ ಹಾಕಿದ.

ಜುಲೈ 15

ಗುರುದಾಸನಿಗೆ ಕಚೇರಿಯ ಪತ್ರ ಬಂದಿದೆ. ಈಗ ನನ್ನನ್ನು ಕೆಲಸಕ್ಕೆ ಕರೆಯುತ್ತಿಲ್ಲ. ಎದುರು ಸಿಕ್ಕಾಗ, "ನಾನು ನಂಬಿ ಕೊಟ್ಟಿದ್ದೆ ರೇಣು," ಎಂದ. "ನಾನೂ ನಂಬಿಯೇ ಇದ್ದೆ," ಎಂದೆ. ಗೊನೆಗಳಂತೂ ಬಲಿಯುತ್ತಿವೆ. ಕರೆಯದಿದ್ದರೂ ಊರುಗೋಲು ಕೊಟ್ಟು ಬಂದೆ.

ಜುಲೈ 24, ಗುರುವಾರ

ಇವತ್ತು ಪಂಚಾಯತಿ ಕಚೇರಿಯಲ್ಲಿ ವಿಚಾರಣೆ. ಮಾಮ್ಲೇದಾರರ ಪರವಾಗಿ ಊರಿನ ಜಮೀನಿನ ಲೆಕ್ಕ ನೋಡುವ ತಲಾಠಿ ಬಂದಿದ್ದರು, ವಯಸ್ಸಾದ ಹೆಂಗಸು. ಮೇಜಿನ ಆಚೆ ಅಣ್ಣತಮ್ಮಂದಿರು, ಈಚೆ ನಾನು, ನಮ್ಮವರು. ಮುಮ್ತಾಜ ಬಾಗಿಲಲ್ಲಿ ನಿಂತಿದ್ದಳು.

ಸುಹಾಸ ಮೊದಲಿಗೇ ಸಹಿಯ ಕಾಗದ ಮುಂದಿಟ್ಟ. "ಗಂಡನೇ ಬರೆದುಕೊಟ್ಟಿದ್ದಾನೆ, ಹೋದ ವರ್ಷ ಬಂದವರು ಅಂತ."

ತಲಾಠಿ ಲಕೋಟೆ ತೆಗೆದು ಗುರುದಾಸನ ಮುಂದೆ ಹಿಡಿದರು. "ಇದು ನೀವೇ ಮಾಡಿಸಿದ್ದು?"

"ಹೌದು."

"ಇದರಲ್ಲಿರುವ ಹೆಂಗಸು ಯಾರು?"

ಅವನು ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡ. ಪಕ್ಕದಲ್ಲಿ ಸುಹಾಸ ಕೆಮ್ಮಿದ. "ತೋಟಕ್ಕೆ ಬಂದು ಹೋಗುವ ಕೂಲಿ ಹೆಂಗಸರು ಬಹಳ. ಯಾರೆಂದು ನೆನಪಿಲ್ಲ," ಎಂದ ಗುರುದಾಸ.

ಹದಿನೈದು ವರ್ಷ ಅವನ ಅಂಗಳ ಗುಡಿಸಿದ್ದೇನೆ. ಒಂದೂವರೆ ತಿಂಗಳ ಹಿಂದೆ 'ಯಾರು ಹೇಳು' ಎಂದು ಕೇಳಿದವನು ಅವನೇ. ನನಗೆ ಅಳು ಬರುತ್ತದೆ ಅಂದುಕೊಂಡೆ. ಬರಲಿಲ್ಲ.

ತಲಾಠಿ ನನ್ನ ಕಡೆ ತಿರುಗಿದರು. "ಇದು ನೀನೇ ಎನ್ನುವುದಕ್ಕೆ ಏನಿದೆ? ಮುಖ ಸರಿಯಾಗಿ ಕಾಣುವುದಿಲ್ಲ."

"ಮುಖ ಬಿಡಿ ಬಾಯಿಯವರೇ," ಎಂದೆ. "ಹಿಂದೆ ಜಗುಲಿಯಲ್ಲಿ ತೊಟ್ಟಿಲಿದೆ ನೋಡಿ. ಅದರಲ್ಲಿರುವುದು ನನ್ನ ಮಗಳು. ಹೆಸರು ನೀಲಮ್ಮ. ಆ ವರ್ಷ ಜೂನ್‌ನಲ್ಲಿ ಆ ಮನೆಯಲ್ಲೇ ತೀರಿಕೊಂಡಳು. ಅದು ನಮ್ಮ ಮನೆ."

ಹದಿಮೂರು ವರ್ಷದಲ್ಲಿ ಆ ಹೆಸರನ್ನು ಜನರ ಮುಂದೆ ಹೇಳಿದ್ದು ಇದೇ ಮೊದಲು. ಆಗ ನಮ್ಮವರು ಮೇಜು ಹಿಡಿದು ಎದ್ದು ನಿಂತರು. ಅವರಿಗೆ ಕೊಂಕಣಿ ಅಷ್ಟು ಬರುವುದಿಲ್ಲ, ಕನ್ನಡದಲ್ಲೇ ಹೇಳಿದರು. "ಆ ಸಹಿ ನಂದ ಖರೇ ಅದರೀ. ಅದರಾಗ ಬರದದ್ದು ಖರೇ ಅಲ್ಲ. ಹೆದರಿ ಮಾಡೀನ್ರಿ." ನಾನು ಅದನ್ನು ತಲಾಠಿಗೆ ಕೊಂಕಣಿಯಲ್ಲಿ ಹೇಳಿದೆ.

ತಲಾಠಿ ಪೆನ್ನು ಕೆಳಗಿಟ್ಟು, "ಮಗುವಿನ ಸಾವನ್ನು ಬರೆಸಿದ್ದಿರಾ?" ಎಂದರು.

ಬರೆಸಬೇಕೆಂದೇ ನಮಗೆ ಗೊತ್ತಿರಲಿಲ್ಲ. ಆಗ ನಾನು ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಇವರಿಗೆ ಇಲ್ಲಿಯ ಕಚೇರಿಗಳ ದಾರಿಯೂ ಗೊತ್ತಿರಲಿಲ್ಲ. ಸುಹಾಸ ನಕ್ಕ. ತಲಾಠಿ ಪಂಚಾಯತಿಯ ಗುಮಾಸ್ತನಿಗೆ ಎರಡು ಸಾವಿರದ ಹನ್ನೆರಡರ ಮರಣ ನೋಂದಣಿಯ ಪುಸ್ತಕ ತರಲು ಹೇಳಿದರು. ಅವನು ಧೂಳು ಕೊಡವಿ ತಂದ. ಹಾಳೆ ಮಗುಚುತ್ತ ಹೋಗಿ ಒಂದು ಕಡೆ ನಿಂತು, ಗಟ್ಟಿಯಾಗಿ ಓದಿದ.

"ನೀಲಮ್ಮ. ಹೆಣ್ಣು. ಏಳು ತಿಂಗಳು. ತಂದೆ ಶಂಕರಲಿಂಗ, ತಾಯಿ ರೇಣುಕಾ. ಮರಣದ ಸ್ಥಳ, ಬಾಳೆ ತೋಟದ ಮನೆ. ಮಾಹಿತಿ ಕೊಟ್ಟವರು..."

ಅಲ್ಲಿಗೆ ನಿಲ್ಲಿಸಿ, ಪುಸ್ತಕವನ್ನು ಗುರುದಾಸನ ಕಡೆ ತಿರುಗಿಸಿದ. "ಬಾಬ, ಇದು ನಿಮ್ಮ ಸಹಿ ಅಲ್ಲವೇ?"

ಅವನು ನೋಡಿದ. ಎಷ್ಟು ಹೊತ್ತು ನೋಡಿದನೆಂದರೆ ಸುಹಾಸನೇ ಅವನ ತೋಳು ಮುಟ್ಟಿದ. ಅಣ್ಣ ಆ ಕೈಯನ್ನು ಸರಿಸಿದ.

"ಮಳೆ ಬರುತ್ತಿತ್ತು," ಎಂದ, ಮೆಲ್ಲಗೆ. "ಇವಳಿಗೆ ಪ್ರಜ್ಞೆ ಇರಲಿಲ್ಲ. ನಾನೇ ಬಂದು ಬರೆಸಿದ್ದೆ."

"ಹಾಗಾದರೆ ಈ ಚಿತ್ರದಲ್ಲಿರುವುದು ಯಾರು?" ತಲಾಠಿ ಮತ್ತೆ ಕೇಳಿದರು.

"ರೇಣು."

ತಲಾಠಿ ಬರೆದುಕೊಂಡರು. ಮುಗಿಯುವವರೆಗೂ ಅವನು ನನ್ನ ಕಡೆ ನೋಡಲಿಲ್ಲ. ಹೊರಗೆ ಮುಮ್ತಾಜ ನನ್ನನ್ನು ಅಪ್ಪಿಕೊಂಡಳು. ನನಗೆ ಗೆದ್ದೆ ಎನಿಸಲಿಲ್ಲ. ನನ್ನ ಮಗಳ ಹೆಸರನ್ನು ಒಂದಕ್ಷರ ತಪ್ಪದಂತೆ, ಮಳೆಯಲ್ಲಿ ನೆನೆದು ಬಂದು ಬರೆಸಿದ ಮನುಷ್ಯ, ನನ್ನ ಮುಖ ನೆನಪಿಲ್ಲ ಎಂದ. ಎರಡೂ ಅವನೇ. ಇದನ್ನು ಎಲ್ಲಿ ಇಡಬೇಕೋ ತಿಳಿಯುತ್ತಿಲ್ಲ.

ಜುಲೈ 31

ಮಾಮ್ಲೇದಾರರ ಆದೇಶ ಬಂತು. ತೀರ್ಮಾನ ಆಗುವವರೆಗೆ ನಮ್ಮನ್ನು ಯಾರೂ ಎಬ್ಬಿಸುವಂತಿಲ್ಲ, ದಾರಿ ಮುಚ್ಚುವಂತಿಲ್ಲ. ತೀರ್ಮಾನಕ್ಕೆ ಎಷ್ಟು ವರ್ಷವೋ. ಕರೆಂಟು ಇಲ್ಲ. ತೋಟ ಕೊಂಡವರು ದಿನಾ ಬಂದು ಗೋಡೆ ಅಳೆಯುತ್ತಾರೆ. ನಮ್ಮವರು ಇವತ್ತು ಒಂದು ಕೊಡ ನೀರನ್ನು ಅರ್ಧ ಅರ್ಧ ಮಾಡಿ ತಂದಿಟ್ಟರು.

ಆಗಸ್ಟ್ 4, ಸೋಮವಾರ

ಪಂಚಾಯತಿಗೆ ಹೋಗಿ ನೀಲಮ್ಮನ ದಾಖಲೆಯ ನಕಲು ಕೇಳಿದೆ. ಅದೇ ಗುಮಾಸ್ತ ಇದ್ದ. ಅರ್ಜಿಯಲ್ಲಿ ಒಂದು ಖಾನೆ ಖಾಲಿ ಉಳಿದಿತ್ತು, ಯಾವ ಕಾರಣಕ್ಕೆ ಬೇಕು ಎಂದು.

"ಕೇಸಿಗೆ ಎಂದು ಬರೆಯಲೇ?" ಎಂದ.

"ಕೇಸಿನ ನಕಲನ್ನು ತಲಾಠಿ ಆಗಲೇ ಒಯ್ದಿದ್ದಾರೆ," ಎಂದೆ.

"ಮತ್ತೆ? ಕಾರಣ ಬರೆಯದೆ ಕೊಡಲು ಬರುವುದಿಲ್ಲ ಅಕ್ಕ."

"ಮನೆಯಲ್ಲಿ ಇಟ್ಟುಕೊಳ್ಳಲು," ಎಂದೆ.

ಅವನು ತಲೆ ಎತ್ತಿ ನೋಡಿದ. ಆಮೇಲೆ ಹಾಗೆಯೇ ಬರೆದುಕೊಂಡ.